ನೆಲಕ್ಕೆ ಹಿಡಿದ ಬಂದೂಕು

ಟೀವಿಯ ಪರದೆಯ ಮೇಲೆ ಕಿತ್ತಳೆ ಬಣ್ಣದ ಪ್ರಾಣಿಯೊಂದು ಸುಂಯ್ ಎಂದು ಜಾರಿಕೊಂಡು ಹೋದದ್ದನ್ನು ಕಂಡು, ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮ ಕೇಳಿದರು: “ಅದು ಬೊಂಡಾಸ್ ಅಲ್ವಾ?” ಕರಾವಳಿಯ ಅಡುಗೆಮನೆಯಲ್ಲಿ ಆಯುಷ್ಯ ಕಳೆದವರಿಗೆ ಆ ಮೊನಚು ತಲೆ, ಕೆಳಗೆ ಜೋತುಬಿದ್ದ ಕಾಲುಗಳ ಗುರುತು ಸಿಗದೆ ಇದ್ದೀತೆ? ಹೌದು, ಬೊಂಡಾಸೇ, ಇಂಗ್ಲಿಷಿನ ಸ್ಕ್ವಿಡ್. ಕಂಟ್ರೋಲರ್ ಮೊಮ್ಮಗಳ ಕೈಯಲ್ಲಿತ್ತು. ನೋಡನೋಡುತ್ತಿದ್ದಂತೆ ಬೊಂಡಾಸ್ ಎದ್ದು ನಿಂತು ಹುಡುಗಿಯಾಯಿತು, ಹುಡುಗಿಯ ಕೈಗೆ ಬಂದೂಕು ಬಂತು, ಎದುರಿನಿಂದ ಓಡಿ ಬಂದ ನೀಲಿ ಹುಡುಗನೊಬ್ಬ ಫಟ್ ಎಂದು ಒಡೆದುಹೋದ. ಅಮ್ಮನ ಕೈ ನಿಂತಿತು. “ಸತ್ತನಾ?”

“ಸಾಯ್ಲಿಲ್ಲ ಅಜ್ಜಿ. ಈಗ ವಾಪಸ್ ಬರ್ತಾನೆ ನೋಡಿ” ಎಂದಳು ನನ್ನ ಅಕ್ಕನ ಮಗಳು, ಪರದೆಯಿಂದ ಕಣ್ಣು ತೆಗೆಯದೆ.

ಅಮ್ಮನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗಲಿಲ್ಲ. ನಮ್ಮ ಕಡೆ ಶೂಟಿಂಗ್ ಗೇಮ್ ಎಂದರೆ ಪಬ್ಜಿ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದರ ಮೊಬೈಲ್ ಆವೃತ್ತಿಯನ್ನು ನಿಷೇಧಿಸಿದಾಗ ಕೊಟ್ಟ ಕಾರಣ ದೇಶದ ಭದ್ರತೆಯದಾಗಿತ್ತು. ಅಪ್ಪ ಅಮ್ಮಂದಿರು ಉಸಿರು ಬಿಟ್ಟದ್ದು ಬೇರೆಯೇ ಕಾರಣಕ್ಕೆ. ಹಾಗಿರುವಾಗ ಅದೇ ಬಂದೂಕನ್ನು ಮುದ್ದು ಪ್ರಾಣಿಯೊಂದರ ಕೈಗೆ ಕೊಟ್ಟು ‘ಇದು ಮಕ್ಕಳ ಆಟ’ ಎಂದರೆ ನಂಬುವುದು ಹೇಗೆ? ಪ್ರಾಣಿಯ ಮುದ್ದು ಮುಖ ಬಂದೂಕಿಗೆ ಹೊದಿಸಿದ ಬಣ್ಣದ ಬಟ್ಟೆ ಮಾತ್ರವೇ, ಅಥವಾ ಆ ಮುಖ ಬಂದ ಮೇಲೆ ಬಂದೂಕು ಮಾಡುವ ಕೆಲಸವೂ ಬದಲಾಗುತ್ತದೆಯೇ? ನಿಂಟೆಂಡೊದ ‘ಸ್ಪ್ಲಾಟೂನ್’ ಸರಣಿಯ ಬಗ್ಗೆ ಬರೆಯಲು ಕೂತಿರುವುದು ಈ ಪ್ರಶ್ನೆ ಹಿಡಿದುಕೊಂಡೇ.

ಬಟ್ಟೆ ಹೊದಿಸಿದ ಆಟಗಳು ಮೊದಲೂ ಇದ್ದವು. 2000ದಲ್ಲಿ ಸೆಗಾದ ಡ್ರೀಮ್‌ಕಾಸ್ಟ್ ಯಂತ್ರಕ್ಕೆ ‘ಫರ್ ಫೈಟರ್ಸ್’ ಬಂತು. ಮಾಡಿದ್ದು ಇಂಗ್ಲೆಂಡಿನ ಲಿವರ್‌ಪೂಲಿನ ಬಿಝಾರ್ ಕ್ರಿಯೇಷನ್ಸ್, ಕಾರ್ ರೇಸಿನ ಆಟಗಳಿಗೆ ಹೆಸರಾದ ತಂಡ. ಜನರಲ್ ವಿಗ್ಗೊ ಎಂಬ ಬೆಕ್ಕು ಪ್ರಾಣಿಗಳ ಮರಿಗಳನ್ನು ಹೊತ್ತೊಯ್ಯುತ್ತಾನೆ. ನಾಯಿ, ಕಾಂಗರೂ, ಪೆಂಗ್ವಿನ್, ಪುಟ್ಟ ಡ್ರ್ಯಾಗನ್ ಸೇರಿ ಆರು ಜೀವಗಳು ಬಂದೂಕು ಹಿಡಿದು ಹುಡುಕಿಕೊಂಡು ಹೊರಡುತ್ತವೆ. ಗುಂಡು ತಗುಲಿದರೆ ರಕ್ತ ಬರುವುದಿಲ್ಲ, ಬೊಂಬೆ ಹರಿದಾಗ ಹಾರುವ ಹಾಗೆ ಹತ್ತಿ ಹಾರುತ್ತದೆ. ಈ ಆಟದಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ: ಮರಿಗಳು ತಮ್ಮ ತಂದೆ ತಾಯಿಯ ಜೊತೆಗಷ್ಟೇ ಬರುತ್ತವೆ. ನಾಯಿಯಾಗಿ ಹೋದಾಗ ಪೆಂಗ್ವಿನ್ ಮರಿ ಕಣ್ಣಿಗೆ ಬಿದ್ದರೂ ಪ್ರಯೋಜನವಿಲ್ಲ, ಪೆಂಗ್ವಿನ್ ಆಗಿಯೇ ಅಲ್ಲಿಗೆ ಮುಟ್ಟಬೇಕು. ಕಾಂಗರೂ ಎತ್ತರಕ್ಕೆ ನೆಗೆಯುತ್ತದೆ, ನಾಯಿ ಮಣ್ಣು ಅಗೆಯುತ್ತದೆ, ಪೆಂಗ್ವಿನ್ ಈಜುತ್ತದೆ. ಪ್ರಾಣಿ ಪ್ರಾಣಿಯಾಗಿರುವುದಕ್ಕೆ ಅಲ್ಲಿ ಅರ್ಥವಿದೆ. ಆದರೆ ಬಂದೂಕು ಎತ್ತಿದ ಕ್ಷಣ ಆ ಅರ್ಥ ಪಕ್ಕಕ್ಕೆ ಸರಿಯುತ್ತದೆ. ಗುರಿ ಇಡು, ಹೊಡೆ, ಮುಂದೆ ನಡೆ. ಹತ್ತಿಯ ಜಾಗದಲ್ಲಿ ರಕ್ತ ಹಾಕಿದರೂ ಆಟದ ಒಂದು ನಿಯಮವೂ ಬದಲಾಗುವುದಿಲ್ಲ.

ಮರುವರ್ಷವೇ ರೇರ್ ಕಂಪನಿ ಇದಕ್ಕೆ ಪೂರ್ತಿ ಎದುರು ದಿಕ್ಕಿಗೆ ಹೋಯಿತು. ‘ಕಾಂಕರ್ಸ್ ಬ್ಯಾಡ್ ಫರ್ ಡೇ’ಯ ಅಳಿಲು ಮೊದಲು ಹುಟ್ಟಿದ್ದು ಮಕ್ಕಳ ಆಟಕ್ಕಾಗಿ. ಇನ್ನೊಂದು ಮುದ್ದು ಪ್ರಾಣಿಯೇ ಎಂದು ಜನ ಮೂಗು ಮುರಿದಾಗ ತಂಡ ಅದನ್ನು ಕುಡುಕನನ್ನಾಗಿ, ಬಾಯಿಹರುಕನನ್ನಾಗಿ ಮಾಡಿ ದೊಡ್ಡವರ ಆಟವಾಗಿ ಹೊರತಂದಿತು. ಅಳಿಲು ಸೈನಿಕರು ದೋಣಿಯಿಂದ ಕಡಲತೀರಕ್ಕೆ ಇಳಿದು ಟೆಡ್ಡಿ ಬೊಂಬೆಗಳ ಗುಂಡಿಗೆ ಬೀಳುವ ಭಾಗ ಸ್ಪೀಲ್‌ಬರ್ಗ್‌ನ ಯುದ್ಧ ಸಿನಿಮಾವನ್ನು ನೆನಪಿಸಲೆಂದೇ ಕಟ್ಟಿದ್ದು. ಮುದ್ದು ಮೈ ಛಿದ್ರವಾಗುವುದನ್ನು ನೋಡಿದಾಗ ಬೆಚ್ಚಿಬೀಳುತ್ತೇವೆ, ಆಮೇಲೆ ನಗುತ್ತೇವೆ. ಎರಡನೆಯ ಸಲ ನೋಡುವಾಗ ಬೆಚ್ಚುವುದೂ ಇಲ್ಲ, ನಗುವೂ ಬರುವುದಿಲ್ಲ. ಫರ್ ಫೈಟರ್ಸ್ ಮುದ್ದುತನದಿಂದ ಹಿಂಸೆಯನ್ನು ಮುಚ್ಚಿಟ್ಟಿತು, ಕಾಂಕರ್ ಅದನ್ನು ಎತ್ತಿ ತೋರಿಸಿತು. ಹೊಡೆತ ಬೀಳುವ ಜಾಗ ಮಾತ್ರ ಎರಡರಲ್ಲೂ ಎದುರಾಳಿಯ ಮೈಯೇ.

ಸ್ಪ್ಲಾಟೂನ್ ಮೊದಲು ಬಂದದ್ದು 2015ರ ಮೇ ತಿಂಗಳಲ್ಲಿ, ವೀ ಯು ಯಂತ್ರಕ್ಕೆ. ಅದು ಹುಟ್ಟಿದ ಬಗೆಯಲ್ಲೇ ನನ್ನ ಪ್ರಶ್ನೆಗೆ ಅರ್ಧ ಉತ್ತರವಿದೆ. ನಿರ್ಮಾಪಕ ಹಿಸಾಶಿ ನೊಗಾಮಿ ಅದಕ್ಕೆ ಮುಂಚೆ ‘ಅನಿಮಲ್ ಕ್ರಾಸಿಂಗ್’ನ ಶಾಂತ ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಅವರ ತಂಡ ಮೊದಲು ಮಾಡಿದ ಮಾದರಿ ಆಟದಲ್ಲಿ ಪ್ರಾಣಿಯೇ ಇರಲಿಲ್ಲ, ಟೋಫು ತುಂಡಿನಂಥ ಚೌಕಗಳಿದ್ದವು. ಅವು ಶಾಯಿ ಚಿಮ್ಮಿಸುತ್ತಿದ್ದವು, ತಮ್ಮದೇ ಬಣ್ಣದ ನೆಲದಲ್ಲಿ ಅಡಗುತ್ತಿದ್ದವು. ಆಟ ರುಚಿಸಿತು. ಅದಕ್ಕೆ ಮುಖ ಬೇಕಾಯಿತು. ಮೊಲ ಮುದ್ದಾಗಿದೆ, ಕಿವಿ ಉದ್ದ, ದೂರದಿಂದಲೂ ಕಾಣುತ್ತದೆ ಎಂದು ಮೊಲವನ್ನು ಹಾಕಿ ನೋಡಿದರು. ಆದರೆ ಮೊಲವೇಕೆ ಶಾಯಿ ಉಗುಳಬೇಕು? ಅದಕ್ಕೆ ಉತ್ತರವಿರಲಿಲ್ಲ. ಸುತ್ತಾಡಿ ಕೊನೆಗೆ ಬಂದು ನಿಂತದ್ದು ಶಾಯಿ ಉಗುಳುವುದೇ ಸ್ವಭಾವವಾದ ಜೀವಿಯ ಮುಂದೆ.

ಅಂದರೆ ಇಲ್ಲಿ ಮೊದಲು ಬಂದದ್ದು ಕ್ರಿಯೆ, ಪ್ರಾಣಿ ಅದರ ಹಿಂದೆ ಬಂತು. ಬೊಂಡಾಸ್ ಶುಚಿ ಮಾಡಿದವರಿಗೆ ಅದರ ಮಸಿಚೀಲ ಗೊತ್ತು. ಒಡೆದರೆ ಕೈ, ಬಟ್ಟಲು, ಕಲ್ಲು ಎಲ್ಲ ಕಪ್ಪು. ಕಡಲಿನಲ್ಲಿ ಆ ಮಸಿ ಕೊಲ್ಲುವುದಕ್ಕಲ್ಲ. ಹಿಡಿಯಲು ಬಂದ ಮೀನಿನ ಕಣ್ಣಿಗೆ ಮಂಕು ಎರಚಿ ತಾನು ತಪ್ಪಿಸಿಕೊಳ್ಳುವುದಕ್ಕೆ. ಸ್ಪ್ಲಾಟೂನ್ ಈ ಸ್ವಭಾವವನ್ನು ಬಿಟ್ಟುಕೊಟ್ಟಿಲ್ಲ. ಇಂಕ್ಲಿಂಗ್ ಎಂಬ ಈ ಮಕ್ಕಳು ಒಂದು ಗುಂಡಿ ಒತ್ತಿದರೆ ಬೊಂಡಾಸ್ ಆಗಿ ತಮ್ಮ ಬಣ್ಣದ ಶಾಯಿಯೊಳಗೆ ಮುಳುಗುತ್ತಾರೆ. ಮುಳುಗಿದರೆ ವೇಗ ಹೆಚ್ಚು, ಬೆನ್ನಿನ ಟ್ಯಾಂಕಿಗೆ ಶಾಯಿ ತುಂಬುತ್ತದೆ, ಮೈಗಾದ ಪೆಟ್ಟು ಮಾಯುತ್ತದೆ. ನಿಧಾನವಾಗಿ ಈಜಿದರೆ ಅಲೆಯೂ ಏಳುವುದಿಲ್ಲ, ಎದುರಾಳಿ ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ಗೋಡೆಗೆ ಬಣ್ಣ ಹೊಡೆದರೆ ಗೋಡೆ ಹತ್ತಬಹುದು. ಎದುರು ಪಕ್ಷದ ಬಣ್ಣಕ್ಕೆ ಕಾಲಿಟ್ಟರೆ ಅಂಟಿನಲ್ಲಿ ಸಿಕ್ಕಿಬಿದ್ದ ಹಾಗೆ. ಹೀಗೆ ಶಾಯಿಯೇ ದಾರಿ, ಮರೆ, ಮದ್ದು, ಮದ್ದುಗುಂಡು. ಈ ಆಟದಿಂದ ಬೊಂಡಾಸನ್ನು ಕಿತ್ತು ಮನುಷ್ಯನನ್ನು ನಿಲ್ಲಿಸಿದರೆ ಆಟವೇ ಕುಸಿಯುತ್ತದೆ. ಫರ್ ಫೈಟರ್ಸ್‌ಗೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಇನ್ನರ್ಧ ಉತ್ತರ ಗೆಲುವಿನ ಲೆಕ್ಕದಲ್ಲಿದೆ. ಟರ್ಫ್ ವಾರ್ ಎಂಬ ಮುಖ್ಯ ಪಂದ್ಯದಲ್ಲಿ ನಾಲ್ವರ ಎದುರು ನಾಲ್ವರು, ಸಮಯ ಮೂರು ನಿಮಿಷ. ಮುಗಿದಾಗ ಲೆಕ್ಕಕ್ಕೆ ಬರುವುದು ಯಾರ ಬಣ್ಣ ಹೆಚ್ಚು ನೆಲವನ್ನು ಹಿಡಿದಿದೆ ಎಂಬುದೊಂದೇ. ಎಷ್ಟು ಜನರನ್ನು ಒಡೆದಿರಿ ಎಂಬುದಕ್ಕೆ ಅಂಕವಿಲ್ಲ. ಒಡೆಯುವುದರಿಂದ ಲಾಭವೇ ಇಲ್ಲವೆಂದಲ್ಲ. ಒಡೆದವನ ಸುತ್ತಲಿನ ನೆಲ ನಿಮ್ಮ ಬಣ್ಣವಾಗುತ್ತದೆ, ಅವನು ಮನೆಯಿಂದ ಮತ್ತೆ ಬರುವ ತನಕ ನಿಮ್ಮ ಕೈ ಮೇಲಾಗುತ್ತದೆ. ಆದರೆ ಅದು ಬಳಿಯುವುದಕ್ಕೆ ದಾರಿ ಬಿಡಿಸಿಕೊಳ್ಳುವ ಕೆಲಸ. ವಿಶೇಷ ಅಸ್ತ್ರದ ಬಲ ತುಂಬುವುದು ಕೂಡ ಬಳಿದ ನೆಲದಿಂದಲೇ. ಹೊಸದಾಗಿ ಆಡಲು ಕೂತವರು ಮೊದಲು ಮಾಡುವ ತಪ್ಪು ಜನರನ್ನು ಅಟ್ಟಿಸಿಕೊಂಡು ಹೋಗುವುದು. ನಾನೂ ಹಾಗೆ ಓಡಿದೆ. “ಮಾಮ, ಅವರ ಹಿಂದೆ ಹೋಗ್ಬೇಡಿ, ನಮ್ಮ ಮನೆ ಹತ್ರ ಇನ್ನೂ ಬಳಿಯದೆ ಬಾಕಿ ಉಂಟು” ಎಂದು ಒಂಬತ್ತು ವರ್ಷದ ಹುಡುಗಿ ಹೇಳಿಕೊಟ್ಟಳು. ಆ ಪಂದ್ಯದಲ್ಲಿ ನಾನು ಒಬ್ಬರನ್ನೂ ಒಡೆಯಲಿಲ್ಲ. ಹಿಂದೆಯೇ ಉಳಿದು ಮೂಲೆ, ಮೆಟ್ಟಿಲು, ಕಂಬದ ಬುಡ ಎಲ್ಲ ಬಳಿದೆ. ಗೆದ್ದೆವು. ಗುರಿ ಹಿಡಿಯಲು ಬಾರದವನಿಗೂ ತಂಡದಲ್ಲಿ ನಿಜವಾದ ಕೆಲಸ ಕೊಡುವ ಶೂಟಿಂಗ್ ಆಟವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಾಹಿ-ಮಾಹಿ ರೆಸಾರ್ಟ್ ಎಂಬ ಅಂಕಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈಜುಕೊಳದ ನಡುವೆ ದ್ವೀಪದ ಹಾಗೆ ಕಟ್ಟಿದ ಜಾಗ ಅದು, ಸುತ್ತ ನೀಲಿ ನೀರು. ಈ ಮಕ್ಕಳಿಗೆ ನೀರೇ ಸಾವು, ಬಿದ್ದರೆ ಕರಗಿಬಿಡುತ್ತಾರೆ. ಹಾಗಾಗಿ ಮೊದಲು ಎಲ್ಲರೂ ಇಕ್ಕಟ್ಟಿನಲ್ಲಿ ಒತ್ತಾಡುತ್ತಾರೆ, ಪ್ರತಿ ಅಡಿಗೂ ಜಗಳ. ಅಷ್ಟರಲ್ಲಿ ಪಂದ್ಯದ ನಡುವೆ ಕೊಳದ ನೀರು ಇಳಿಯತೊಡಗುತ್ತದೆ. ಇಲ್ಲಿಯ ತನಕ ಯಾರೂ ಮುಟ್ಟದ, ಯಾವ ಬಣ್ಣವೂ ತಗಲದ ಖಾಲಿ ನೆಲ ಕೆಳಗೆ ತೆರೆದುಕೊಳ್ಳುತ್ತದೆ. ಈಗ ಏನು ಮಾಡುತ್ತೀರಿ? ಎದುರಿಗೆ ಬಂದೂಕು ಹಿಡಿದವನನ್ನು ಬಿಟ್ಟು ಹೊಸ ನೆಲಕ್ಕೆ ಹಾರುತ್ತೀರೋ, ಇದ್ದದ್ದನ್ನು ಕಾಯುತ್ತೀರೋ? ಚಿಕ್ಕ ಮಕ್ಕಳು ಹಾರುತ್ತಾರೆ. ಆ ಬರಿ ನೆಲವನ್ನು ಕಂಡರೆ ಕೈ ತಡೆಯುವುದಿಲ್ಲ. ಸಾರಿಸಿದ ಅಂಗಳ ಕಂಡಾಗ ರಂಗೋಲಿ ಇಡಬೇಕೆನ್ನಿಸುವ ಹಾಗೆ, ಸುಣ್ಣ ಬಳಿದ ಗೋಡೆ ಕಂಡಾಗ ಮಗುವಿನ ಕೈ ಇದ್ದಿಲಿಗೆ ಹೋಗುವ ಹಾಗೆ. ಶೂಟಿಂಗ್ ಆಟಗಳು ಸಾಮಾನ್ಯವಾಗಿ ನಮ್ಮೊಳಗಿನ ಭಯವನ್ನು ಕೆದಕುತ್ತವೆ. ಈ ಆಟ ಕೆದಕುವುದು ಬಳಿಯುವ ಆಸೆಯನ್ನು, ಅದು ಭಯದಷ್ಟೇ ಹಳೆಯದು.

ಕೊನೆಯ ಒಂದು ನಿಮಿಷಕ್ಕೆ ಸಂಗೀತ ಬದಲಾಗುತ್ತದೆ. ಯಾರು ಮುಂದಿದ್ದಾರೆ ಎಂಬ ಅಂಕಿ ಪರದೆಯ ಮೇಲೆ ಇರುವುದಿಲ್ಲ. ಪಂದ್ಯ ನಿಂತ ಮೇಲೆ ಅಂಕಣವನ್ನು ಮೇಲಿನಿಂದ ತೋರಿಸುತ್ತಾರೆ, ಜಡ್ ಎಂಬ ಡುಮ್ಮ ಬೆಕ್ಕು ಬಾವುಟ ಎತ್ತಿ ತೀರ್ಪು ಕೊಡುತ್ತದೆ. ಶೇಕಡಾ ಒಂದರ ಅಂತರದಲ್ಲಿ ಸೋತಾಗ ಕಣ್ಣು ತಾನಾಗಿಯೇ ನಕ್ಷೆಯ ಆ ಒಂದು ಬಳಿಯದ ಮೂಲೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಜಗಳ ಆಗುವುದು ಆ ಮೂಲೆಯ ಬಗ್ಗೆಯೇ, ಯಾರನ್ನು ಹೊಡೆಯಲಿಲ್ಲ ಎಂಬುದರ ಬಗ್ಗೆ ಅಲ್ಲ.

ಆಯುಧಗಳಲ್ಲೂ ಇದೇ ಮನಸ್ಸು ಕೆಲಸ ಮಾಡಿದೆ. ನೀರು ಪಿಸ್ತೂಲಿನಂಥ ಬಂದೂಕುಗಳ ಜೊತೆಗೆ ಗೋಡೆಗೆ ಬಣ್ಣ ಬಳಿಯುವ ರೋಲರ್ ಇದೆ, ಕುಂಚವಿದೆ, ಶಾಯಿ ಎರಚುವ ಬಕೆಟ್ ಇದೆ. ಎರಡನೆಯ ಆಟದಲ್ಲಿ ಕೊಡೆ ಬಂತು, ಮೂರನೆಯದರಲ್ಲಿ ಗಾಜು ಒರೆಸುವ ವೈಪರ್ ಕತ್ತಿಯಾಯಿತು. ರೋಲರ್ ಹಿಡಿದವರಿಗೆ ಗುರಿಯೇ ಬೇಡ, ಒತ್ತಿ ಹಿಡಿದು ಓಡಿದರೆ ಸಾಕು, ಹಿಂದೆ ಅಗಲ ರಸ್ತೆ ಬೀಳುತ್ತದೆ. ಬಕೆಟ್ ಎತ್ತಿ ಮೇಲಿನ ಕಟ್ಟೆಗೆ ಎರಚುವಾಗ ಓಕುಳಿಯ ದಿನ ಮಹಡಿಯ ಮೇಲಿದ್ದವರಿಗೆ ಗುರಿಯಿಟ್ಟ ನೆನಪು ಬರುತ್ತದೆ.

ಚಾರ್ಜರ್ ಎಂಬ ಆಯುಧದ ಬಗ್ಗೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಹೆಸರು ಬದಲಿಸಿಕೊಂಡ ಸ್ನೈಪರ್ ಬಂದೂಕು. ಎತ್ತರದಲ್ಲಿ ಅಲುಗದೆ ಕಾಯುವುದು, ತೆಳ್ಳಗಿನ ಬೆಳಕಿನ ಗೆರೆ, ಒಂದೇ ಹೊಡೆತ. ಅದನ್ನು ಹಿಡಿದವರು ನೆಲ ನೋಡುವುದು ಕಡಿಮೆ, ಮೈಯನ್ನೇ ನೋಡುತ್ತಾರೆ. ನುರಿತ ಚಾರ್ಜರ್ ಆಟಗಾರನೊಬ್ಬ ಎದುರಿಗಿದ್ದರೆ ಉಳಿದ ಪಕ್ಷ ಬಣ್ಣ ಬಿಟ್ಟು ತಲೆ ಉಳಿಸಿಕೊಳ್ಳುವುದರಲ್ಲೇ ಮುಳುಗುತ್ತದೆ. ಆಟ ತಾನು ಬಿಟ್ಟುಬಂದ ಮನೆಗೆ ಆಗಾಗ ಹೋಗಿಬರುತ್ತದೆ ಅನ್ನಿಸುವುದು ಇಂಥ ಕಡೆ.

ಸ್ಯಾಮನ್ ರನ್ ಇನ್ನೂ ದೊಡ್ಡ ತೊಡಕು. ಎರಡನೆಯ ಆಟದಲ್ಲಿ ಬಂದ ಈ ಭಾಗದಲ್ಲಿ ನಾಲ್ವರು ಕೂಲಿ ಕೆಲಸಕ್ಕೆ ಹೋಗುತ್ತಾರೆ. ಮಿಸ್ಟರ್ ಗ್ರಿಜ್ ಎಂಬ ಮಾಲೀಕ ಮರದ ಕರಡಿ ಬೊಂಬೆಯೊಳಗಿಂದ ಆಜ್ಞೆ ಕೊಡುತ್ತಾನೆ, ಅಲೆಯಲೆಯಾಗಿ ದಂಡೆಗೆ ನುಗ್ಗುವ ಸ್ಯಾಮನ್ ಮೀನುಗಳನ್ನು ಒಡೆದು ಚಿನ್ನದ ಮೊಟ್ಟೆ ತರಬೇಕು. ಬಾಣಲೆ ಹಿಡಿದು ಓಡಿ ಬರುವ ಆ ಮೀನುಗಳ ಚಿತ್ರಣ ಅದ್ಭುತವಾಗಿದೆ, ಒಬ್ಬರನ್ನೊಬ್ಬರು ಕಾಯುತ್ತ ಆಡುವ ಸುಖವೂ ದೊಡ್ಡದು. ನನ್ನ ಸೊಸೆಗೆ ಇದೇ ಎಲ್ಲಕ್ಕಿಂತ ಇಷ್ಟ. ಆದರೆ ಇಲ್ಲಿ ನೆಲದ ಲೆಕ್ಕವಿಲ್ಲ. ಮತ್ತೆ ಮೈಯೇ ಗುರಿ, ಎಣಿಕೆ ಸಂಪಾದನೆಯದ್ದು. ಈ ಕೆಲಸದಲ್ಲಿ ಏನೋ ಹೊಲಸಿದೆ ಎಂಬ ಸುಳಿವನ್ನು ಆಟವೇ ಕೊಡುತ್ತದೆ, ಮೂರನೆಯ ಕಂತಿನ ಕಥೆಯಲ್ಲಿ ಆ ಮಾಲೀಕನ ಬಣ್ಣ ಬಯಲಾಗುವುದೂ ನಿಜ. ಆದರೂ ಸುಳಿವು ಕೊಟ್ಟಮೇಲೆ ಅದೇ ಕೆಲಸಕ್ಕೆ ಮಕ್ಕಳನ್ನು ಮತ್ತೆ ಮತ್ತೆ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕೆ ಎದುರಾಗಿ, ಆಕ್ಟೋಪಸ್‌ಗಳ ವಿಷಯದಲ್ಲಿ ಈ ಸರಣಿ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು. ಕಥೆಯ ಹಿನ್ನೆಲೆ ಮುದ್ದು ಬಣ್ಣಗಳಿಗೆ ಹೊಂದದಷ್ಟು ಕತ್ತಲು. ಸಮುದ್ರ ಏರಿ ಮನುಷ್ಯರು ಅಳಿದುಹೋಗಿ 12,000 ವರ್ಷವಾಗಿದೆ. ಜಡ್ ಬೆಕ್ಕು ಆ ಕಾಲದಿಂದ ಉಳಿದುಬಂದ ಜೀವ. ಕಡಲ ಜೀವಿಗಳು ನೆಲಕ್ಕೆ ಹತ್ತಿ ಪಟ್ಟಣ ಕಟ್ಟಿವೆ. ಉಳಿದ ನೆಲಕ್ಕಾಗಿ ಇಂಕ್ಲಿಂಗ್‌ಗಳಿಗೂ ಆಕ್ಟೋಪಸ್‌ಗಳಿಗೂ ಯುದ್ಧವಾಗಿ, ಸೋತವರು ನೆಲದಡಿ ಸೇರಿದರು. ಮೊದಲ ಆಟದಲ್ಲಿ ಈ ಸೋತವರು ಬರೀ ಶತ್ರುಗಳು, ಪಟ್ಟಣದ ವಿದ್ಯುತ್ ಕದ್ದ ಕಳ್ಳರು. ಗೆದ್ದವರ ಮಕ್ಕಳು ಮೇಲೆ ಒತ್ತುವರಿಯನ್ನು ಆಟ ಮಾಡಿಕೊಂಡು ನಲಿಯುತ್ತಿದ್ದರೆ, ಕೆಳಗಿನವರ ಪಾಲಿಗೆ ಅದೇ ಒತ್ತುವರಿ ಬದುಕು ಕಿತ್ತುಕೊಂಡಿತ್ತು. ಮುದ್ದುತನ ಎಷ್ಟನ್ನು ಮರೆಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2018ರ ಜೂನ್‌ನಲ್ಲಿ ಬಂದ ‘ಆಕ್ಟೋ ಎಕ್ಸ್‌ಪಾನ್ಷನ್’ ಆ ಕೆಳಗಿನವರಲ್ಲಿ ಒಬ್ಬಳನ್ನು ನಮ್ಮ ಕೈಗಿತ್ತಿತು. ನೆನಪು ಕಳೆದುಕೊಂಡು ಕಡಲಾಳದ ಸುರಂಗ ರೈಲಿನಲ್ಲಿ ಎಚ್ಚರಗೊಳ್ಳುವ ಅವಳು, ದೂರವಾಣಿಯೊಂದು ಒಡ್ಡುವ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ ಬೆಳಕಿಗೆ ಬರಬೇಕು. ಸರಣಿಯಲ್ಲಿ ಒಬ್ಬರೇ ಕೂತು ಆಡುವ ಭಾಗಗಳಲ್ಲಿ ಇದು ಎಲ್ಲಕ್ಕಿಂತ ಎತ್ತರದ್ದು ಎಂದು ನಾನು ನಂಬಿದ್ದೇನೆ. ಆಕಾಶ ಕಂಡ ಮೇಲೆ ಆಕ್ಟೋಲಿಂಗ್ ಎಂಬ ಆಕ್ಟೋಪಸ್ ಮಗುವಾಗಿ ಪಟ್ಟಣದ ಪಂದ್ಯಗಳಲ್ಲೂ ಆಡಬಹುದು. ಆ ವಾರದಿಂದ ಪಟ್ಟಣದ ಚೌಕದಲ್ಲಿ ಬೊಂಡಾಸ್ ಮಕ್ಕಳ ಜೊತೆ ಆಕ್ಟೋಪಸ್ ಮಕ್ಕಳೂ ನಿಂತರು, ಒಂದೇ ತಂಡದಲ್ಲಿ, ಒಂದೇ ಬಣ್ಣದಲ್ಲಿ. ಭಾಷಣವಿಲ್ಲ, ಕ್ಷಮೆಯ ದೃಶ್ಯವಿಲ್ಲ. 2022ರ ಮೂರನೆಯ ಆಟದಲ್ಲಿ ಇಬ್ಬರಲ್ಲಿ ಯಾರಾಗುತ್ತೀರಿ ಎಂದು ಮೊದಲ ಪುಟದಲ್ಲೇ ಕೇಳುತ್ತಾರೆ. ನನ್ನ ಸೊಸೆ ಒಂದು ಗಳಿಗೆಯೂ ಯೋಚಿಸದೆ ಆಕ್ಟೋಲಿಂಗ್ ಆದಳು. ಹಳೆಯ ಯುದ್ಧದ ಸುದ್ದಿ ಅವಳಿಗೆ ಗೊತ್ತಿಲ್ಲ.

ಬಣ್ಣ ಗುರುತಿಸುವುದು ಕಷ್ಟವಾದವರಿಗೆ ಎರಡು ನಿಶ್ಚಿತ ಬಣ್ಣಗಳನ್ನೇ ಉಳಿಸಿಕೊಳ್ಳುವ ಸೌಲಭ್ಯ ಇಟ್ಟಿರುವುದು ಮೆಚ್ಚಬೇಕಾದ್ದು. ಮೊದಲ ಆಟದಲ್ಲಿ ಅಪರಿಚಿತರ ಜೊತೆ ಮಾತಾಡುವ ವ್ಯವಸ್ಥೆಯನ್ನೇ ಇಡದೆ, ಬಾ ಎಂದು ಕರೆಯುವ, ಗೆದ್ದಾಗ ಕೂಗುವ ಎರಡು ಸದ್ದುಗಳಷ್ಟನ್ನೇ ಇಟ್ಟದ್ದು ಇನ್ನೂ ಮೆಚ್ಚಬೇಕಾದ್ದು. ದೊಡ್ಡವರ ಬೈಗುಳ ಕಿವಿಗೆ ಬೀಳದೆ ಒಂದು ಮಗು ಜಗತ್ತಿನ ಜೊತೆ ಆಡಬಹುದಾಯಿತು.

2022ರ ಸೆಪ್ಟೆಂಬರಿನಲ್ಲಿ ‘ಸ್ಪ್ಲಾಟೂನ್ 3’ ಬಂದಾಗ ಜಪಾನಿನಲ್ಲಿ ಮೊದಲ ಮೂರೇ ದಿನದಲ್ಲಿ 34.5 ಲಕ್ಷ ಪ್ರತಿ ಹೋಯಿತು. ಅಷ್ಟು ಜನ ಸೇರಿದ ಜಾತ್ರೆ ಅದು. ಸ್ಪ್ಲಾಟ್‌ಫೆಸ್ಟ್ ಎಂಬ ಹಬ್ಬದ ದಿನಗಳಲ್ಲಿ ಆಟಗಾರರು ಪಕ್ಷ ಕಟ್ಟಿ ಪೈಪೋಟಿಗೆ ಇಳಿಯುತ್ತಾರೆ, ಕೆಲವೊಮ್ಮೆ ಫಲಿತಾಂಶ ಮುಂದಿನ ಆಟದ ಕಥೆಗೂ ಸೇರುತ್ತದೆ. 2016ರಲ್ಲಿ ಹಾಡುಗಾರ್ತಿಯರಾದ ಕ್ಯಾಲಿ ಮತ್ತು ಮರೀ ನಡುವೆ ಆಯ್ಕೆ ಇಟ್ಟಾಗ ಮರೀ ಗೆದ್ದಳು. ಮುಂದಿನ ಕಂತಿನಲ್ಲಿ ಕಾಣೆಯಾದವಳು ಕ್ಯಾಲಿ. 2019ರಲ್ಲಿ ಅವ್ಯವಸ್ಥೆಯೋ ವ್ಯವಸ್ಥೆಯೋ ಎಂದು ಕೇಳಿದಾಗ ಜನ ಅವ್ಯವಸ್ಥೆಯನ್ನು ಗೆಲ್ಲಿಸಿದರು. ಮೂರನೆಯ ಆಟ ಮರಳುಗಾಡಿನ ಗೊಂದಲದ ಪಟ್ಟಣದಲ್ಲಿ ತೆರೆದುಕೊಂಡಿತು. ಆಡಿದವರ ಕೈಗುರುತು ಕಥೆಯಲ್ಲಿ ಉಳಿಯುವುದು ದೊಡ್ಡ ಮಾತು.

ಆದರೆ ಜಾತ್ರೆಯನ್ನೇ ನೆಚ್ಚಿದ ಆಟಕ್ಕೆ ಜನ ಚದುರಿದ ಮೇಲೆ ಏನು ಗತಿ ಎಂಬುದಕ್ಕೆ ಈ ಸರಣಿ ಉತ್ತರ ಇಟ್ಟುಕೊಂಡಿಲ್ಲ. ಮೊದಲ ಆಟದ ಇಂಕೋಪೊಲಿಸ್ ಚೌಕದಲ್ಲಿ ಆಟಗಾರರು ಬರೆದು ಕಳಿಸಿದ ಚಿತ್ರಗಳು ಗೋಡೆಗಳ ಮೇಲೆ ಕಾಣುತ್ತಿದ್ದವು. ಕಪ್ಪು ಬಿಳುಪಿನ ಸಣ್ಣ ಚಿತ್ರಗಳು, ಕೆಲವು ಪಳಗಿದ ಕೈಯವು, ಬಹಳಷ್ಟು ಮಕ್ಕಳ ಗೀಚು. ಅವನ್ನು ಹೊತ್ತು ತರುತ್ತಿದ್ದ ಮೀವರ್ಸ್ ಜಾಲ 2017ರ ನವೆಂಬರಿನಲ್ಲಿ ಮುಚ್ಚಿತು, ಹೊಸ ಚಿತ್ರ ಬರುವ ದಾರಿ ಅಲ್ಲಿಗೆ ನಿಂತಿತು. 2024ರ ಏಪ್ರಿಲ್ 8ರಂದು ವೀ ಯು ಯಂತ್ರದ ಆನ್‌ಲೈನ್ ಸೇವೆಯನ್ನೇ ಕಂಪನಿ ನಿಲ್ಲಿಸಿತು. ಡಿಸ್ಕ್ ಹಾಕಿದರೆ ಈಗಲೂ ಚೌಕ ತೆರೆಯುತ್ತದೆ, ಹಾಡು ಕೇಳುತ್ತದೆ. ಒಬ್ಬರೇ ಆಡುವ ಹಂತಗಳಿವೆ, ಒಂದೇ ಮನೆಯಲ್ಲಿ ಇಬ್ಬರು ಕೂತು ಆಡುವ ಬಲೂನ್ ಒಡೆಯುವ ಪಂದ್ಯವಿದೆ. ಚೌಕದ ನಡುವೆ ನಿಂತ ಗೋಪುರದೊಳಗೆ ಹೋಗಿ ನಿಂತರೆ ಮಾತ್ರ ಇನ್ನು ಏಳು ಜನ ಬರುವುದಿಲ್ಲ.